ಪರೀಕ್ಷೆ ಮಕ್ಕಳದು, ಕಾಗದಪತ್ರ ಮನೆಯವರದು: ದೊಡ್ಡ ವಿದ್ಯಾಸಂಸ್ಥೆಗಳ ಅರ್ಜಿಗೆ ಮಲೆನಾಡಿನ ಮನೆ ಸಜ್ಜಾಗುವುದು ಹೇಗೆ

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಪಿಯುಸಿ ಓದುವ ಹುಡುಗಿಗೆ ಐಐಟಿ, ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ), ಐಐಎಸ್ಸಿ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ), ನಾಗರಬಾವಿಯ ಲಾ ಸ್ಕೂಲು ಇಂಥ ಕಡೆ ಸೀಟು ತಪ್ಪುವುದು ಎರಡು ಬಗೆಯಲ್ಲಿ. ಅಂಕ ಸಾಲದೆ ತಪ್ಪುವುದು ಒಂದು. ಅಂಕ ಬಂದೂ ತಪ್ಪುವುದು ಇನ್ನೊಂದು: ಪ್ರಮಾಣಪತ್ರದ ನಮೂನೆ ಬೇರೆಯಾಗಿತ್ತು, ಒಟಿಪಿ ಬರುವಷ್ಟರಲ್ಲಿ ಟವರ್ ಹೋಯಿತು, ಎರಡನೇ ಅರ್ಜಿ ಹಾಕಬೇಕಿತ್ತೆಂದು ಗೊತ್ತೇ ಇರಲಿಲ್ಲ. ಮೊದಲನೆಯದರಲ್ಲಿ ಅಪ್ಪ ಅಮ್ಮ ಮಾಡಬಹುದಾದ್ದು ಕಡಿಮೆ. ಎರಡನೆಯದು ಹೆಚ್ಚುಕಡಿಮೆ ಪೂರ್ತಿ ಅವರ ಕೈಲಿದೆ. ಇಲ್ಲಿ ಹೇಳುವುದೆಲ್ಲ ಆ ಎರಡನೆಯದರ ಬಗ್ಗೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸರಿಯುತ್ತವೆ, ಹಾಗಾಗಿ ತಿಂಗಳನ್ನು ಇಲ್ಲಿಂದ ತೆಗೆದುಕೊಳ್ಳಿ, ತಾರೀಕನ್ನು ಆಯಾ ಅಧಿಕೃತ ತಾಣದಿಂದಲೇ.

ಪಿಯುಸಿ ಎಲ್ಲಿ ಓದುತ್ತಾರೆ ಎಂಬುದು

ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹೈದರಾಬಾದಿಗೋ ಕೋಟಾಕ್ಕೋ ಕೋಚಿಂಗಿಗೆ ಕಳಿಸುವ ಮಾತು ಬರುತ್ತದೆ. ಹೊರಡುವ ಮೊದಲು ಒಂದು ಲೆಕ್ಕ ಹಾಕಿ. ಎನ್‌ಐಟಿಗಳಲ್ಲಿ (ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳು) ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ. ತವರು ರಾಜ್ಯ ಎಂದರೆ ಹುಟ್ಟಿದ ಊರಲ್ಲ, ಆಧಾರಿನ ವಿಳಾಸವೂ ಅಲ್ಲ. ಹನ್ನೆರಡನೇ ತರಗತಿ ಎಲ್ಲಿ ಪಾಸಾದರು ಎಂಬುದು. ಆಗುಂಬೆಯ ಹುಡುಗ ತೆಲಂಗಾಣದಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಹೊರರಾಜ್ಯದವನು. ಮನೆಯಿಂದ ಘಟ್ಟ ಇಳಿದರೆ ಸಿಗುವ ಕಾಲೇಜು, ಸೀಟಿನ ಲೆಕ್ಕದಲ್ಲಿ ಪರವೂರು. ಐಐಟಿಗಳಿಗೆ ಇಂಥ ರಾಜ್ಯ ಕೋಟಾ ಇಲ್ಲ, ಅಲ್ಲಿ ಈ ನಷ್ಟವೂ ಇಲ್ಲ.

ಲಾ ಸ್ಕೂಲಿಗೆ ಯೋಚಿಸುವವರಿಗೆ ಇದೇ ಮಾತು ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ. 25ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು, ಮತ್ತು ಅದಕ್ಕೆ ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಹಾಗೆ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಮಲೆನಾಡಿನಲ್ಲಿ ಒಂದನೇ ತರಗತಿ ಓದಿದ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿರುವುದು, ಪಕ್ಕದ ಶಾಲೆಗೆ ಸೇರಿಕೊಂಡಿರುವುದು ಮಾಮೂಲು. ದಾಖಲಾತಿ ಪುಸ್ತಕ ಈಗ ಯಾರ ಬೀರುವಿನಲ್ಲಿದೆ ಎಂದು ಹುಡುಕಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಎರಡು ಮೂರು ಸಲ ಹೋಗಬೇಕಾದೀತು. ಈ ಕೆಲಸ ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಮುಗಿಯಲಿ.

ಯಾವುದಕ್ಕೆ ಹಾಕುವುದು

ನಾಲ್ಕೈದು ಪರೀಕ್ಷೆ ಸಾಕು. ಹತ್ತಕ್ಕೆ ಹಾಕಿದ ಮನೆಗಳಲ್ಲಿ ಏಪ್ರಿಲ್ ಮೇ ಪೂರ್ತಿ ಬಸ್ಸಿನಲ್ಲೇ ಕಳೆಯುತ್ತದೆ.

ಎಂಜಿನಿಯರಿಂಗ್ ಬೇಕೆನ್ನುವವರಿಗೆ ಜೆಇಇ ಮೇನ್, ಜನವರಿ ಮತ್ತು ಏಪ್ರಿಲಿನಲ್ಲಿ. ಕನ್ನಡದಲ್ಲೂ ಬರೆಯಬಹುದು, ಆದರೆ ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಕೇಂದ್ರವೂ ಕರ್ನಾಟಕದೊಳಗೇ ಇರಬೇಕು. ಅದರಲ್ಲಿ ಮೇಲಿನ ಸುಮಾರು ಎರಡೂವರೆ ಲಕ್ಷ ಮಂದಿಗೆ ಐಐಟಿ ಪ್ರವೇಶದ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್ ಬರೆಯಲು ಅವಕಾಶ. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಒಂದೇ ದಿನ ಮೂರು ಮೂರು ಗಂಟೆಯ ಎರಡು ಪತ್ರಿಕೆ. ಕನ್ನಡ ಮಾಧ್ಯಮದಿಂದ ಬಂದ ಮಗು ಮೇನ್ ಅನ್ನು ಕನ್ನಡದಲ್ಲಿ ಚೆನ್ನಾಗಿ ಬರೆದು ಅಡ್ವಾನ್ಸ್ಡ್‌ನಲ್ಲಿ ಪ್ರಶ್ನೆ ಅರ್ಥವಾಗದೆ ಕೂರುವುದು ಈ ಕಾರಣಕ್ಕೆ. ಐಐಟಿಯೇ ಗುರಿಯಾದರೆ ಪ್ರಥಮ ಪಿಯುಸಿಯಿಂದಲೇ ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸುವುದು ಒಳ್ಳೆಯದು. ಮೇನ್ ಪಾಸಾದರೆ ಅಡ್ವಾನ್ಸ್ಡ್‌ಗೆ ತಾನಾಗಿ ಹೆಸರು ಹೋಗುವುದಿಲ್ಲ ಎಂಬುದೂ ನೆನಪಿರಲಿ. ಬೇರೆ ಅರ್ಜಿ, ಬೇರೆ ಶುಲ್ಕ, ಸಿಗುವ ಕಾಲಾವಕಾಶ ಹೆಚ್ಚೆಂದರೆ ಒಂದೆರಡು ವಾರ.

ವಿಜ್ಞಾನದಲ್ಲೇ ಮುಂದೆ ಹೋಗುವ ಆಸೆಯಿದ್ದರೆ ಐಎಟಿ. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಐಸರ್‌ಗಳಿಗೆ ಅದೇ ಬಾಗಿಲು. 60 ಪ್ರಶ್ನೆ, ಜೀವಶಾಸ್ತ್ರ, ರಸಾಯನ, ಗಣಿತ, ಭೌತಶಾಸ್ತ್ರ ತಲಾ 15. ಸರಿಗೆ 4 ಅಂಕ, ತಪ್ಪಿಗೆ 1 ಕಳೆತ. ಪಿಸಿಎಂಸಿ (ಭೌತಶಾಸ್ತ್ರ, ರಸಾಯನ, ಗಣಿತ, ಕಂಪ್ಯೂಟರ್) ಓದಿದವರು ಜೀವಶಾಸ್ತ್ರವಿಲ್ಲವೆಂದು ಹಿಂಜರಿಯುತ್ತಾರೆ. ನಾಲ್ಕರಲ್ಲಿ ಮೂರು ವಿಷಯ ಓದಿದ್ದರೂ ಅರ್ಹತೆ ಇದೆ. ಇದೇ ಅಂಕದ ಮೇಲೆ ಐಐಎಸ್ಸಿಯ ನಾಲ್ಕು ವರ್ಷದ ಸಂಶೋಧನಾ ಪದವಿಗೂ ತೆಗೆದುಕೊಳ್ಳುತ್ತಾರೆ, ಆದರೆ ಅದಕ್ಕೆ ಐಐಎಸ್ಸಿಯ ತಾಣದಲ್ಲೇ ಪ್ರತ್ಯೇಕ ಅರ್ಜಿ. ಐಎಟಿ ಬರೆದು, ಒಳ್ಳೆಯ ರ‍್ಯಾಂಕ್ ಪಡೆದು, ಮಲ್ಲೇಶ್ವರದ ಪಕ್ಕದ ಆ ಕ್ಯಾಂಪಸ್ಸಿಗೆ ಅರ್ಜಿಯನ್ನೇ ಹಾಕದವರು ಇದ್ದಾರೆ.

ಗಣಿತದ ಹುಚ್ಚಿರುವ ಮಗುವಿಗೆ ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬಿ.ಮ್ಯಾಥ್ ಇದೆ. ನಮ್ಮ ಕಡೆ ಇದರ ಹೆಸರು ಕೇಳಿದವರು ಕಡಿಮೆ, ಹೇಳಿಕೊಡುವ ಕೋಚಿಂಗೂ ಕಡಿಮೆ. ಬೋಧನಾ ಶುಲ್ಕವಿಲ್ಲ, ತಿಂಗಳಿಗೆ ವಿದ್ಯಾರ್ಥಿವೇತನವೂ ಸಿಗುತ್ತದೆ. ಮೇ ತಿಂಗಳ ಪರೀಕ್ಷೆಯಲ್ಲಿ ಬೆಳಿಗ್ಗೆ ಗುರುತು ಹಾಕುವ ಪ್ರಶ್ನೆ, ಮಧ್ಯಾಹ್ನ ಹಂತ ಹಂತವಾಗಿ ಬರೆದು ಸಾಧಿಸುವ ಪ್ರಶ್ನೆ. ಜೆಇಇಯ ವೇಗ ಮಧ್ಯಾಹ್ನ ಕೆಲಸಕ್ಕೆ ಬರುವುದಿಲ್ಲ.

ಕಾನೂನಿಗೆ ಕ್ಲಾಟ್: 120 ಪ್ರಶ್ನೆ, ಎರಡು ಗಂಟೆ, ಪೂರ್ತಿ ಇಂಗ್ಲಿಷ್. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ಈಚಿನ ವರ್ಷಗಳಲ್ಲಿ ಡಿಸೆಂಬರ್ ಮೊದಲ ಭಾನುವಾರವೇ ನಡೆಯುತ್ತಿದೆ, ಅರ್ಜಿ ಮಳೆಗಾಲದಲ್ಲೇ ತೆರೆದು ದೀಪಾವಳಿ ಸುಮಾರಿಗೆ ಮುಚ್ಚುತ್ತದೆ. ಪಿಯುಸಿ ಪರೀಕ್ಷೆ ಮುಗಿಯಲಿ ಎಂದು ಕಾದರೆ ಒಂದು ವರ್ಷ ಹೋದಂತೆ.

ಈ ಎಲ್ಲದರ ನಡುವೆ ಬೋರ್ಡ್ ಪರೀಕ್ಷೆ ಹಗುರವಾಗಬಾರದು. ಐಐಟಿಗೆ ಪಿಯುಸಿಯಲ್ಲಿ ಶೇ. 75 ಬೇಕು, ಇಲ್ಲವೇ ಬೋರ್ಡಿನ ಮೇಲಿನ 20 ಪರ್ಸೆಂಟೈಲಿನೊಳಗೆ ಬರಬೇಕು. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ. 65. ಕಾಲೇಜಿಗೆ ಹೋಗದೆ ಹೆಸರು ಮಾತ್ರ ಇಟ್ಟು ಕೋಚಿಂಗಿನಲ್ಲಿ ಕೂರುವವರಿಗೆ ಶೇ. 75 ಹಾಜರಾತಿಯ ನಿಯಮ ಕೊನೆಯ ತಿಂಗಳಲ್ಲಿ ಕುತ್ತಿಗೆಗೆ ಬರುತ್ತದೆ.

ಹೆಸರು, ಇನಿಷಿಯಲ್, ಜಾತಿ, ಆದಾಯ

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಆಧಾರನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ; ಒಂದರಲ್ಲಿ ಬರೀ ಅಕ್ಷರ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು; ಕೊನೆಯ ‘ಅ’ಕಾರಕ್ಕೆ ಇಂಗ್ಲಿಷಿನ ಎ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಎಲ್ಲ ಅರ್ಜಿಗೂ ಆಧಾರವಾಗುವುದು ಮಾರ್ಕ್ಸ್ ಕಾರ್ಡು. ಅದು ಸರಿಯಿದ್ದರೆ ಆಧಾರನ್ನೇ ಅದಕ್ಕೆ ಹೊಂದಿಸಿ, ಆಧಾರ್ ತಿದ್ದುಪಡಿ ಸುಲಭ. ಮಾರ್ಕ್ಸ್ ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಹೈಸ್ಕೂಲಿನ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಫೋಟೊ, ಸಹಿಯ ಫೈಲುಗಳನ್ನು ಹೇಳಿದ ಕೆಬಿ ಅಳತೆಗೆ ಇಳಿಸಿ ಇಟ್ಟುಕೊಳ್ಳಿ. ಸಹಿಯನ್ನು ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬಿಡಿಸಿ ಬರೆಯಬಾರದು. ಅಪ್‌ಲೋಡ್ ಮಾಡಿದ ಅದೇ ಫೋಟೊದ ಎಂಟು ಹತ್ತು ಪ್ರತಿ ತೆಗೆಸಿಟ್ಟರೆ ಪರೀಕ್ಷೆ ದಿನ ಸ್ಟುಡಿಯೊ ಹುಡುಕುವುದು ತಪ್ಪುತ್ತದೆ.

ಅತಿ ಹೆಚ್ಚು ಸೀಟು ಕಳೆಯುವ ಕಾಗದ ಮೀಸಲಾತಿಯದು. ನಾಡಕಚೇರಿಗೆ ಹೋಗಿ ‘ಜಾತಿ ಆದಾಯ ಪತ್ರ ಕೊಡಿ’ ಎಂದರೆ ಕೈಗೆ ಬರುವುದು ರಾಜ್ಯದ ನಮೂನೆ, ಪ್ರವರ್ಗ 1, 2ಎ, 3ಎ, 3ಬಿ ಎಂದು ಬರೆದಿರುತ್ತದೆ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಅದು ಸರಿ. ಐಐಟಿ, ಎನ್‌ಐಟಿ, ಐಸರ್‌ಗಳಿಗೆ ನಡೆಯುವುದಿಲ್ಲ. ಅವರಿಗೆ ಬೇಕಾದದ್ದು ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ (ಆ ವರ್ಗದ ಸ್ಥಿತಿವಂತರ ಗುಂಪಿಗೆ) ಸೇರದ ಹಿಂದುಳಿದ ವರ್ಗದವರ ಪತ್ರ, ಅಂದರೆ ಒಬಿಸಿ-ಎನ್‌ಸಿಎಲ್. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿ ಉಪಜಾತಿ ಕೇಂದ್ರದ ಪಟ್ಟಿಯಲ್ಲಿಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು ನಿಮ್ಮ ಪತ್ರದಲ್ಲಿರುವ ಹೆಸರೇ ಅಲ್ಲಿದೆಯೇ ನೋಡಿ. ಜೆಇಇ ಅಡ್ವಾನ್ಸ್ಡ್ ಮತ್ತು ನಂತರದ ಕೌನ್ಸೆಲಿಂಗಿಗೆ ಈ ಪತ್ರ ಆ ವರ್ಷದ ಏಪ್ರಿಲ್ 1ರಂದು ಅಥವಾ ಅದರ ನಂತರ ಕೊಟ್ಟದ್ದಾಗಿರಬೇಕು. ಮಾರ್ಚಿನಲ್ಲಿ ಮಾಡಿಸಿಟ್ಟು ನಿಶ್ಚಿಂತೆಯಾಗಿ ಕೂತವರು ಜೂನಿನಲ್ಲಿ ಮತ್ತೆ ಓಡಬೇಕಾಗುತ್ತದೆ. ಏಪ್ರಿಲ್ ಮೊದಲ ವಾರವೇ ನಮೂನೆಯ ಪ್ರತಿ ಕೈಲಿ ಹಿಡಿದು ಹೋಗಿ, ‘ಇದೇ ನಮೂನೆಯಲ್ಲಿ’ ಎಂದು ಕೇಳಿ.

ಕೆನೆಪದರದ ಎಂಟು ಲಕ್ಷದ ಮಿತಿಯ ಬಗ್ಗೆ ಒಂದು ಗೊಂದಲವಿದೆ. ಕೇಂದ್ರದ ಒಬಿಸಿ ನಿಯಮದಲ್ಲಿ ಆ ಎಂಟು ಲಕ್ಷಕ್ಕೆ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ಜಮೀನಿಗೆ ವಿಸ್ತೀರ್ಣದ ಮೇಲೆ ಬೇರೆ ಅಳತೆ, ಕಾಫಿ ತೋಟಕ್ಕೆ ಇನ್ನೂ ಬೇರೆ. ಆದ್ದರಿಂದ ಕೊಪ್ಪ, ಮೂಡಿಗೆರೆ ಕಡೆಯ ಕಾಫಿಯವರ ಲೆಕ್ಕವನ್ನು ಹೊಸನಗರದ ಅಡಿಕೆಯವರು ಅನುಸರಿಸಬಾರದು. ಕೇಂದ್ರದ ಯಾವ ಮೀಸಲಾತಿಯಲ್ಲೂ ಬಾರದವರಿಗೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿ) ಇದೆ. ಅಲ್ಲಿ ಕೃಷಿ ಆದಾಯವೂ ಸೇರಿ ಎಂಟು ಲಕ್ಷದೊಳಗಿರಬೇಕು, ಕುಟುಂಬದ ಕೃಷಿ ಭೂಮಿ ಐದು ಎಕರೆ ಮುಟ್ಟಬಾರದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ತೋಟ ಪಾಲಾಗದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಪ್ರಶ್ನೆ ಏಳುವುದು ಇಲ್ಲೇ. ಆ ಚರ್ಚೆಯನ್ನು ಹಿಂದಿನ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಕೊಯ್ಲಿನ ನಡುವೆ ಪರೀಕ್ಷೆ

ಜನವರಿಯ ಜೆಇಇ ಮೇನ್ ಬರುವುದು ಅಡಿಕೆಯ ಕೊನೆಕೊಯ್ಲು (ಗೊನೆ ಕೊಯ್ಯುವುದು) ಮುಗಿಯದ ಹೊತ್ತಿಗೆ. ಅಂಗಳದ ತುಂಬ ಅಡಿಕೆ, ರಾತ್ರಿ ಹತ್ತರವರೆಗೂ ಸುಲಿಯುವ ಯಂತ್ರದ ಸದ್ದು, ಬೆಳಿಗ್ಗೆ ಐದಕ್ಕೆ ಬೇಯಿಸುವ ಹಂಡೆಯ ಬೆಂಕಿ. ಮಗುವಿಗೆ ‘ನೀನು ಓದಿಕೋ, ಇಲ್ಲಿಗೆ ಬರಬೇಡ’ ಎಂದರೆ ಸಾಲದು, ಸದ್ದೇ ಓದಲು ಬಿಡುವುದಿಲ್ಲ. ಕೊನೆಗಾರರ ಸರದಿಯನ್ನು ನಾವು ಹೇಳಿದ ದಿನಕ್ಕೆ ಸರಿಸುವುದು ಆಗದ ಮಾತು, ಆದರೆ ಸುಲಿತವನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದೋ, ಆ ಎರಡು ವಾರ ಮಗುವನ್ನು ಪೇಟೆಯ ದೊಡ್ಡಮ್ಮನ ಮನೆಗೆ ಕಳಿಸುವುದೋ ಆಗುತ್ತದೆ. ಅಣಕು ಪರೀಕ್ಷೆಯನ್ನು ನಿಜವಾದ ಪಾಳಿಯ ಹೊತ್ತಿಗೇ ಬರೆಸಿ: ಬೆಳಿಗ್ಗೆ 9ರಿಂದ 12, ಮಧ್ಯೆ ಕಾಫಿಯಿಲ್ಲ. ರಾತ್ರಿ ಒಂದರವರೆಗೆ ಓದಿ ಒಂಬತ್ತಕ್ಕೆ ಏಳುವ ಅಭ್ಯಾಸದವರಿಗೆ ಇದು ಮೂರು ವಾರ ಮೊದಲೇ ಶುರುವಾಗಬೇಕು.

ಮೇನ್ ಅರ್ಜಿಯಲ್ಲಿ ನಾಲ್ಕು ಊರುಗಳನ್ನು ಆದ್ಯತೆಯಲ್ಲಿ ಕೊಡಬೇಕು. ಶಿವಮೊಗ್ಗ ಮೊದಲು ಇರಲಿ, ಎರಡನೆಯದು ದಾವಣಗೆರೆಯಂಥ ಬಯಲು ದಾರಿಯ ಊರು. ಮಂಗಳೂರು ಕಿಲೋಮೀಟರಿನ ಲೆಕ್ಕದಲ್ಲಿ ಹತ್ತಿರವೆನಿಸಿದರೂ ಘಟ್ಟ ಇಳಿಯಬೇಕು. ಜೂನ್ ಹೊತ್ತಿನ ಪರೀಕ್ಷೆಗಾದರೆ ಆಗುಂಬೆ ಘಾಟಿಯಲ್ಲೂ ಹುಲಿಕಲ್ಲಿನಲ್ಲೂ ಮಣ್ಣು ಕುಸಿದರೆ, ಮರ ಬಿದ್ದರೆ ದಾರಿಯೇ ಇಲ್ಲ. ಯಾವ ಊರು ಎಂಬ ಚೀಟಿ ಮೊದಲು ಬರುತ್ತದೆ, ಹಾಲ್ ಟಿಕೆಟ್ ಬರುವುದು ಕೇವಲ ಮೂರ್ನಾಲ್ಕು ದಿನ ಮೊದಲು. ಊರು ಗೊತ್ತಾದ ದಿನವೇ ರೂಮು ಹಿಡಿಯಿರಿ. ಹಿಂದಿನ ಸಂಜೆ ಕೇಂದ್ರದ ಗೇಟಿನವರೆಗೆ ಹೋಗಿ ನೋಡಿ, ಒಂದೇ ಹೆಸರಿನ ಎರಡು ಕಾಲೇಜು ಇರುವ ಊರುಗಳು ಬಹಳ. ಪರೀಕ್ಷೆ ಶುರುವಾಗುವ ಅರ್ಧ ಗಂಟೆ ಮೊದಲೇ ಗೇಟು ಮುಚ್ಚುತ್ತಾರೆ. ಮೊದಲ ಬಸ್ಸಿಗೆ ಹೊರಟರಾಯಿತು ಎಂಬ ಲೆಕ್ಕ ಬೇಡ.

ಮಳೆ, ಟವರ್, ಒಟಿಪಿ

ಐಐಟಿ ಎನ್‌ಐಟಿಗಳ ಜೋಸಾ ಕೌನ್ಸೆಲಿಂಗ್ ನಡೆಯುವುದು ಜೂನ್ ಜುಲೈನಲ್ಲಿ, ಅಂದರೆ ಕರೆಂಟು ಎರಡು ದಿನಕ್ಕೊಮ್ಮೆ ಬಂದು ಹೋಗುವ ಕಾಲದಲ್ಲಿ. ಟವರಿನ ಬ್ಯಾಟರಿ ಮುಗಿದರೆ ಫೋನೂ ಮುಗಿಯಿತು. ಅರ್ಜಿಗೆ ಕೊಡುವ ಮೊಬೈಲ್ ನಂಬರು ಜಡಿಮಳೆಯಲ್ಲೂ ಸಿಗ್ನಲ್ ಇರುವ ಕಂಪನಿಯದ್ದಾಗಿರಲಿ, ಮನೆಯದೇ ಸಿಮ್ ಆಗಿರಲಿ. ಸೈಬರ್ ಅಂಗಡಿಯವರ ನಂಬರು, ಅವರ ಇಮೇಲ್ ಕೊಟ್ಟು ಬಂದವರು ಪಾಸ್‌ವರ್ಡಿಗಾಗಿ ಅವರ ಹಿಂದೆ ಅಲೆಯುತ್ತಾರೆ. ಎಲ್ಲ ಪರೀಕ್ಷೆಗೂ ಒಂದೇ ಇಮೇಲ್, ಒಂದೇ ನಂಬರ್, ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಅರ್ಜಿ ಸಂಖ್ಯೆ. ಕೌನ್ಸೆಲಿಂಗ್ ಮುಗಿಯುವವರೆಗೆ ಸಿಮ್ ಬದಲಿಸುವುದಾಗಲಿ ರೀಚಾರ್ಜ್ ತಪ್ಪಿಸುವುದಾಗಲಿ ಬೇಡ. ಸೀಟು ಹಂಚಿಕೆಯ ದಿನಗಳಲ್ಲಿ ಮಗು ಮತ್ತು ಒಬ್ಬ ಹಿರಿಯರು ಶಿವಮೊಗ್ಗ ಪೇಟೆಯಲ್ಲಿ ಉಳಿಯುವ ವ್ಯವಸ್ಥೆ ಆದರೆ ಎಲ್ಲಕ್ಕಿಂತ ಒಳ್ಳೆಯದು.

ಆಯ್ಕೆ ಪಟ್ಟಿ ತುಂಬುವುದರಲ್ಲಿ ಆಗುವ ದೊಡ್ಡ ತಪ್ಪು, ‘ಇದು ಸಿಗುತ್ತದೆ’ ಎಂದು ಕಂಡದ್ದನ್ನು ಮೇಲೆ ಹಾಕುವುದು. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಮೊದಲು ಸಿಕ್ಕಿದ್ದನ್ನು ಕೊಡುತ್ತಾರೆ. ಸಿಗದ ಆಸೆಯನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಯಾವ ನಷ್ಟವೂ ಇಲ್ಲ; ಸಿಗುವುದನ್ನು ಮೇಲೆ ಬರೆದರೆ ಅದರ ಕೆಳಗಿನ ಆಸೆಗಳು ಸತ್ತಂತೆ. ಆದ್ದರಿಂದ ಬೇಕಾದ ಕ್ರಮದಲ್ಲೇ ಬರೆಯಿರಿ, ಉದ್ದ ಬರೆಯಿರಿ, ಸಿಕ್ಕರೂ ಹೋಗೆವು ಎನ್ನುವುದನ್ನು ಮಾತ್ರ ಬಿಡಿ. ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳು ಜೋಸಾ ತಾಣದಲ್ಲೇ ಇವೆ. ನೋಡುವಾಗ ಸುರತ್ಕಲ್ಲಿಗೆ ತವರು ರಾಜ್ಯದ ಸಾಲು, ಉಳಿದ ಎನ್‌ಐಟಿಗಳಿಗೆ ಹೊರರಾಜ್ಯದ ಸಾಲು.

ಸೀಟು ಬಂದ ಮೇಲೆ ಮೂರು ದಾರಿ. ಫ್ರೀಜ್ ಎಂದರೆ ಇದೇ ಸಾಕು. ಫ್ಲೋಟ್ ಎಂದರೆ ಇದು ಕೈಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. ಸ್ಲೈಡ್ ಎಂದರೆ ಸಂಸ್ಥೆ ಇದೇ, ವಿಭಾಗ ಮಾತ್ರ ಮೇಲಿನದು ಸಿಗಲಿ. ಅನುಮಾನವಿದ್ದರೆ ಫ್ಲೋಟ್. ಯಾವುದನ್ನು ಆರಿಸಿದರೂ ಸೀಟು ಒಪ್ಪಿಗೆ ಶುಲ್ಕ ಕಟ್ಟಬೇಕು, ದಾಖಲೆ ಏರಿಸಬೇಕು, ಅವರು ಪ್ರಶ್ನೆ ಕೇಳಿದರೆ ಗಡುವಿನೊಳಗೆ ಉತ್ತರಿಸಬೇಕು. ಮೂರರಲ್ಲಿ ಒಂದು ತಪ್ಪಿದರೂ ಸೀಟು ರದ್ದು. ಕಾರ್ಡಿನ ಆನ್‌ಲೈನ್ ಮಿತಿ ಆ ಶುಲ್ಕಕ್ಕೆ ಸಾಕೇ ಎಂದು ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಹೊರದೇಶಕ್ಕೆ ಹಾಕುವುದಾದರೆ

ಅಮೆರಿಕದ ಅರ್ಜಿಗೆ ಒಂಬತ್ತರಿಂದ ಹನ್ನೆರಡರವರೆಗಿನ ಅಂಕಪಟ್ಟಿ ಬೇಕು. ನಮ್ಮಲ್ಲಿ ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ, ಹೀಗಾಗಿ ಎರಡೂ ಕಡೆಯಿಂದ ಮೊಹರಾದ ಪಟ್ಟಿ ತರಬೇಕು. ಉಪನ್ಯಾಸಕರ ಶಿಫಾರಸು ಪತ್ರವನ್ನು ಅವರೇ ತಮ್ಮ ಇಮೇಲಿನಿಂದ ಏರಿಸಬೇಕು. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎನ್ನುವ ಮೇಷ್ಟ್ರು ಎಲ್ಲ ಊರಿನಲ್ಲೂ ಸಿಗುತ್ತಾರೆ, ಒಪ್ಪಬೇಡಿ. ಬದಲಿಗೆ ಮಗು ತರಗತಿಯಲ್ಲಿ ಕೇಳಿದ ಪ್ರಶ್ನೆ, ಲ್ಯಾಬಿನಲ್ಲಿ ಮಾಡಿದ ಕೆಲಸ ಇಂಥ ನಾಲ್ಕೈದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಎರಡು ತಿಂಗಳ ಸಮಯ ಕೊಡಿ.

ಮುಖ್ಯ ಪ್ರಬಂಧ 650 ಪದದೊಳಗೆ. ಇಲ್ಲಿ ಮನೆಯವರ ಕೈ ಹೆಚ್ಚು ಆಡಿದಷ್ಟೂ ಕೆಡುತ್ತದೆ. ಮಲೆನಾಡಿನ ಮಕ್ಕಳು ಹಸಿರು, ಬೆಟ್ಟ, ಜಲಪಾತ ಎಂದು ಪ್ರವಾಸೋದ್ಯಮ ಇಲಾಖೆಯ ಹಾಗೆ ಬರೆಯುತ್ತಾರೆ. ಮನೆಯ ಮಳೆಮಾಪಕವನ್ನು ದಿನಾ ಬೆಳಿಗ್ಗೆ ನೋಡಿ ಇಂಚು ಸೆಂಟಿನಲ್ಲಿ ಬರೆದಿಟ್ಟ ಡೈರಿ ಇದ್ದರೆ, ಅದರಲ್ಲಿ ಅವಳಿಗೆ ಕಂಡ ಒಂದು ವಿಚಿತ್ರ, ಅದನ್ನು ಬಿಡಿಸಿಕೊಳ್ಳಲು ಅವಳು ಮಾಡಿದ ಲೆಕ್ಕ, ಅದು ತಪ್ಪಾದದ್ದು: ಇಷ್ಟು ಸಾಕು. ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ನೀವು ಓದಿ ‘ಇಲ್ಲಿ ಅರ್ಥವಾಗಲಿಲ್ಲ’ ಎಂದು ಗೆರೆ ಎಳೆಯಿರಿ, ತಿದ್ದಬೇಡಿ.

ಹಣ ಸಹಾಯ ಕೇಳುವ ಹೊರದೇಶದ ವಿದ್ಯಾರ್ಥಿಯನ್ನೂ ಆ ಕಾರಣಕ್ಕೆ ಬದಿಗಿಡದ ಸಂಸ್ಥೆಗಳು ಕೆಲವೇ; ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್‌ಹರ್ಸ್ಟ್ ಅವುಗಳಲ್ಲಿವೆ. ಅಡಿಕೆ ಮನೆಗೆ ಆದಾಯ ತೆರಿಗೆ ರಿಟರ್ನ್ ಇರುವುದಿಲ್ಲ. ಎರಡು ವರ್ಷದ ಮಂಡಿ ಪಟ್ಟಿ, ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್ಕು, ಆದಾಯ ಪತ್ರ, ಮತ್ತು ಒಂದು ಪುಟದಲ್ಲಿ ಅಡಿಕೆ ಆದಾಯ ವರ್ಷಕ್ಕೊಮ್ಮೆ ಬರುವ ಬಗೆ, ಕೊಳೆರೋಗದ ವರ್ಷ ಅದು ಎಷ್ಟು ಇಳಿಯಿತು ಎಂಬ ವಿವರಣೆ ಇಂಗ್ಲಿಷಿನಲ್ಲಿ ಲಗತ್ತಿಸಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15ರ ಸಂಜೆ ಆರು ಗಡುವು, ನಮ್ಮ ಗಡಿಯಾರದಲ್ಲಿ ರಾತ್ರಿ 10.30. ಒಂದೇ ವರ್ಷ ಎರಡಕ್ಕೂ ಹಾಕುವಂತಿಲ್ಲ. ರಾಜ್ಯದ ಪಿಯುಸಿಯನ್ನು ಒಪ್ಪುತ್ತಾರೆಯೇ ಎಂದು ಅವರ ಪ್ರವೇಶ ಪುಟದಲ್ಲಿ ಮೊದಲು ನೋಡಿ, ಆಮೇಲೆ ಉಳಿದದ್ದು.

ದುಡ್ಡು

ಸೀಟು ಬಂದ ಮೇಲೆ ಮಂಡಿಯಲ್ಲಿ ಮುಂಗಡ ಎತ್ತುವುದು ಕೊನೆಯ ದಾರಿಯಾಗಲಿ. ಐಐಟಿಗಳಲ್ಲಿ ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಬೋಧನಾ ಶುಲ್ಕವಿಲ್ಲ. ಉಳಿದವರಲ್ಲಿ ವಾರ್ಷಿಕ ಆದಾಯ ಒಂದು ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, ಐದು ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80 ಸಾವಿರ. 2024ರ ಕೊನೆಯಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಪಟ್ಟಿ ಮಾಡಿದ ಸಂಸ್ಥೆಗಳಿಗೆ ಅಡವು, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಆದಾಯ ಎಂಟು ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ತೋಟದ ಪತ್ರ ಕೇಳುವ ಬ್ಯಾಂಕಿನವರಿಗೆ ಯೋಜನೆಯ ಹೆಸರು ಹೇಳಿ, ಅರ್ಜಿಯನ್ನು ಪೋರ್ಟಲಿನಲ್ಲೇ ಹಾಕಿ.

ಜೋಸಾ ಸೀಟು ಕೈಗೆ ಬರುವವರೆಗೆ ಸಿಇಟಿ ಸೀಟನ್ನು ಬಿಡಬೇಡಿ. ಜೋಸಾದ ಸೀಟು ಬೇಡವೆನಿಸಿದರೆ ಹಿಂದೆ ಸರಿಯಲು ಅವಕಾಶವಿರುವುದು ಕೊನೆಯ ಸುತ್ತಿಗೆ ಮೊದಲು ಮಾತ್ರ, ಸಂಸ್ಕರಣಾ ಶುಲ್ಕ ಕಳೆದು ಉಳಿದದ್ದು ವಾಪಸ್ಸಾಗುತ್ತದೆ. ‘ಈಗಲೇ ಕಟ್ಟಿದರೆ ಮಾತ್ರ’ ಎಂದು ಫೋನ್ ಮಾಡುವ ಖಾಸಗಿ ಕಾಲೇಜುಗಳಿಗೆ ಈ ಸುತ್ತುಗಳು ಮುಗಿಯುವವರೆಗೆ ಹಣ ಕೊಡಬೇಡಿ, ಮೂಲ ಮಾರ್ಕ್ಸ್ ಕಾರ್ಡನ್ನಂತೂ ಕೊಡಲೇಬೇಡಿ. ಪಿಯು ಕಾಲೇಜಿನಲ್ಲಿ ಟಿಸಿ ತೆಗೆದುಕೊಳ್ಳುವ ದಿನವೇ ವಲಸೆ ಪ್ರಮಾಣಪತ್ರಕ್ಕೂ ಅರ್ಜಿ ಕೊಟ್ಟು ಬನ್ನಿ. ಹೊರರಾಜ್ಯದ ಸಂಸ್ಥೆಗಳು ಹೆಚ್ಚಾಗಿ ಅದನ್ನೂ ಕೇಳುತ್ತವೆ, ಮತ್ತು ಅದು ನೆನಪಾಗುವುದು ಸಾಮಾನ್ಯವಾಗಿ ಹಾಸ್ಟೆಲಿನ ಬಾಗಿಲಲ್ಲಿ.